ಹೊಟ್ಟಿನ ಚೀಲಕ್ಕೆ ಬಿದ್ದ ತೆರಿಗೆ

ಉದಗೀರದ ಪೇಟೆಯಲ್ಲಿ ನಮ್ಮ ಅಡತಿ ಅಂಗಡಿಯ ಹಿಂಗೋಡೆಗೆ ಆನಿಸಿ ಒಂದು ಥಪ್ಪಿ ಇತ್ತು. ಥಪ್ಪಿ ಎಂದರೆ ಚೀಲದ ಮೇಲೆ ಚೀಲ ಪೇರಿಸಿ ಎಬ್ಬಿಸಿದ ಗೋಡೆ. ನೆಲದಿಂದ ಹೆಚ್ಚುಕಡಿಮೆ ತೊಲೆಯ ತನಕ. ಹೊಸ್ತಿಲು ದಾಟುವ ರೈತನಿಗೆ ಗಾದಿಯ ಮೇಲೆ ಕೂತ ನಾನು ಕಾಣುವುದಕ್ಕಿಂತ ಮೊದಲು ಆ ಥಪ್ಪಿ ಕಾಣಬೇಕು, ಹಾಗೆ ಕಟ್ಟುತ್ತಿದ್ದೆವು. ನನ್ನ ಮುಖ ನೋಡಿ ಯಾರೂ ಧೈರ್ಯ ತಂದುಕೊಳ್ಳುವಂತಿರಲಿಲ್ಲವಾದ್ದರಿಂದ ಅದು ಒಳ್ಳೆಯದೇ ಆಗಿತ್ತು. ನೋಡಿದವರು ಅದನ್ನು ತೊಗರಿ ಎಂದು ತಿಳಿಯುತ್ತಿದ್ದರು. ಒಳಗಿದ್ದದ್ದು ತೊಗರಿಯ ಹೊಟ್ಟು.

ಇದು ಮೋಸವಲ್ಲ. ಕನಿಷ್ಠಪಕ್ಷ ನಮ್ಮ ಪೇಟೆಯಲ್ಲಿ ಯಾರೂ ಅದನ್ನು ಮೋಸ ಎಂದುಕೊಂಡಿರಲಿಲ್ಲ. ದೀಪಾವಳಿಯ ಪಾಡ್ಯದ ದಿನ ಅಂಗಡಿಯಲ್ಲಿ ಖಾಲಿ ಗೋಡೆ ಕಾಣಬಾರದು, ಖಾಲಿ ಜಾಗದಲ್ಲಿ ಲಕ್ಷ್ಮಿ ಕೂಡುವುದಿಲ್ಲ ಎಂಬುದು ಹಿರಿಯರ ಮಾತು. ಸುಗ್ಗಿಗೆ ಇನ್ನೂ ತಿಂಗಳುಗಳಿರುವ ಹೊತ್ತು ಅದು. ತೊಗರಿ ಹೊಲದಲ್ಲಿ ಹೂ ಬಿಡುತ್ತಿರುತ್ತದೆ. ಗೋಡೆ ತುಂಬಲು ಕಾಳು ಎಲ್ಲಿಂದ ಬರಬೇಕು? ಹೊಟ್ಟು ತುಂಬುತ್ತಿದ್ದರು. ಥಪ್ಪಿ ಉರುಳದಿರಲೆಂದು ಕೆಳಗಿನ ಸಾಲಿಗೆ ಒಂದಿಷ್ಟು ಮಣ್ಣು. ಕಟ್ಟಿದ್ದನ್ನು ಬಿಚ್ಚುವುದು ಮುಂದಿನ ಪಾಡ್ಯಕ್ಕೇ. ವರ್ಷದ ನಿಜವಾದ ಕಾಳು ಮುಂಬಾಗಿಲಲ್ಲೇ ಬಂದು, ಸವಾಲಿನಲ್ಲಿ ಹರಾಜಾಗಿ, ಮುಂಬಾಗಿಲಲ್ಲೇ ಹೋಗುತ್ತಿತ್ತು. ನಮ್ಮ ಸಾಲಿನ ಅಷ್ಟೂ ಅಂಗಡಿಗಳಲ್ಲಿ ಇದೇ ಪದ್ಧತಿ. ಎಲ್ಲರಿಗೂ ಎಲ್ಲರದೂ ಗೊತ್ತು. ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಪೇಟೆಯ ಹೊರಗಿನವರಲ್ಲಿ ಈ ಗುಟ್ಟು ಇಲಿಗಳಿಗೆ ಮಾತ್ರ ತಿಳಿದಿತ್ತೆಂದು ಕಾಣುತ್ತದೆ, ಹಿಂಗೋಡೆಯ ಕಡೆ ಅವು ತಲೆಹಾಕುತ್ತಿರಲಿಲ್ಲ.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳಿಕೆ ಮುಗಿದ ವರ್ಷ ಪೇಟೆಗೆ ಬೀಗ ಬಿದ್ದಿತ್ತು. ಊರು ಬಿಟ್ಟು ಹೋದ ಅಡತಿಯವರಲ್ಲಿ ಕೆಲವರು ತಿರುಗಿ ಬರಲಿಲ್ಲ. ಅವರ ಬಳಿ ರೊಕ್ಕ ಇಟ್ಟಿದ್ದ ರೈತರು ಬಾಗಿಲು ನೋಡಿ ಹೋದರು. ಅಡತಿಯವನೆಂದರೆ ರೈತನ ಮಾಲು ಮಾರಿಸಿಕೊಟ್ಟು ದಲಾಲಿ ಪಡೆಯುವವನಷ್ಟೇ ಅಲ್ಲ. ಮಾರಿದ ರೊಕ್ಕವನ್ನು ರೈತ ಒಮ್ಮೆಲೇ ಒಯ್ಯುವುದಿಲ್ಲ, ‘ನಿಮ್ಮಲ್ಲೇ ಇರಲಿ’ ಎಂದು ಬಿಟ್ಟು ಹೋಗುತ್ತಾನೆ. ಆದ್ದರಿಂದ ಮರುವರ್ಷ ನಾವು ಬಾಗಿಲು ತೆರೆದಾಗ ಬಂದವರೆಲ್ಲ ಹೊಸ್ತಿಲಲ್ಲೇ ನಿಂತು ಮೊದಲು ಹಿಂಗೋಡೆ ನೋಡಿದರು. ನನ್ನ ಅವ್ವ ಆ ವರ್ಷ ಥಪ್ಪಿಯನ್ನು ಎರಡು ಸಾಲು ಎತ್ತರಿಸಿದಳು. ಅಪ್ಪ ತೀರಿಕೊಂಡು ಗಾದಿ ನನಗೆ ಬಂದಿತ್ತು. ಗಾದಿಯ ಮೇಲಿನ ಚಿಂತೆ ಮಾತ್ರ ನನ್ನ ಸ್ವಂತ ಗಳಿಕೆ. ಹೊಟ್ಟಿನ ಥಪ್ಪಿ ರಾತ್ರಿ ನನ್ನ ಮೇಲೇ ಬಿದ್ದೀತೆಂದು ಹೆದರಿ ಹಾಸಿಗೆಯನ್ನು ಹೊರಗೆ ಹಾಕಿಸಿಕೊಂಡವನು ನಾನು.

ಬಿದ್ದದ್ದು ಬೇರೆಯ ರೀತಿ.

ಹೈದರಾಬಾದ ಸಂಸ್ಥಾನ ಹೋಗಿ ರಾಜ್ಯವಾದ ಮೇಲೆ ಬಿಕ್ರಿ ಟ್ಯಾಕ್ಸ್ ಎಂಬ ಹೊಸ ಮಾತು ಬಂತು, ಮಾರಾಟ ತೆರಿಗೆ. ಪಾಡ್ಯದ ಚೆಂಡುಹೂ ಇನ್ನೂ ಬಾಗಿಲಲ್ಲಿ ಬಾಡುತ್ತಿದ್ದ ದಿನಗಳಲ್ಲಿ ಒಬ್ಬ ಇನ್‌ಸ್ಪೆಕ್ಟರು ನಮ್ಮ ಅಂಗಡಿಗೆ ಬಂದ. ಸಭ್ಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟ, ಚಹಾ ಬೇಡವೆನ್ನಲಿಲ್ಲ. ಅದೇ ಹೊತ್ತಿಗೆ ಕಟ್ಟೆಯ ಮೇಲೆ ನಮ್ಮ ಹಳೆಯ ರೈತನೊಬ್ಬ ಕೂತಿದ್ದ. ನಿಲಂಗಾ ಕಡೆಯವನು, ಬೀರಪ್ಪನ ಒಕ್ಕಲು, ಕುರಿಯೂ ಉಂಟು ಹೊಲವೂ ಉಂಟು. ಬೇಸಿಗೆಯಲ್ಲೂ ಹೆಗಲಿಂದ ಕಂಬಳಿ ಇಳಿಸದವನಾದ್ದರಿಂದ ನಾವು ಅವನನ್ನು ಕಂಬಳಿ ಕಾಕಾ ಎನ್ನುತ್ತಿದ್ದೆವು. ಬಾವಿ ತೋಡಿಸಬೇಕೆಂದು ವರ್ಷವರ್ಷದ ತೊಗರಿಯ ರೊಕ್ಕವನ್ನು ನಮ್ಮಲ್ಲೇ ಬಿಡುತ್ತಿದ್ದ.

ಇನ್‌ಸ್ಪೆಕ್ಟರು ಚಹಾದ ಬಸಿ ಕೆಳಗಿಟ್ಟು ಹಿಂಗೋಡೆ ನೋಡಿದ. “ಇದೆಲ್ಲ ಏನದ್ರೀ?”

ನಾನು ಬಾಯಿ ತೆರೆಯುವುದರೊಳಗೆ ಕಂಬಳಿ ಕಾಕಾ ಕಟ್ಟೆಯಿಂದಲೇ ಅಂದ: “ತೊಗರಿ ಅದ ಸಾಹೇಬ್ರ! ಹಿಂಥಾ ಥಪ್ಪಿ ಇಡೀ ಉದಗೀರದಾಗ ತೋರಸ್ರಿ ನೋಡಮು. ಸುಮ್ಮ ಸುಮ್ಮಕ ಇವರಲ್ಲಿ ರೊಕ್ಕ ಇಡತೀವೇನು ನಾವು?”

“ಹೌದೇನ್ರೀ ಸಾವಕಾರ್ರ?” ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದ.

ಹೊಟ್ಟು ಎಂದರೆ ಕಾಕಾ ಕೇಳಿಸಿಕೊಳ್ಳುತ್ತಾನೆ. ಸಂಜೆಯೊಳಗೆ ನಿಲಂಗಾ ಕೇಳಿಸಿಕೊಳ್ಳುತ್ತದೆ. ತೊಗರಿ ಎಂದರೆ ಸುಳ್ಳು. ನಾನು ಕೈ ಮುಗಿದು, “ಮನಿದೇವ್ರ ದಯಾ ರೀ” ಅಂದೆ.

ಇದು ಹೌದೂ ಅಲ್ಲ, ಅಲ್ಲವೂ ಅಲ್ಲ ಎಂದು ನನಗೆ ಆಗ ಬಹಳ ಜಾಣತನದ ಮಾತಾಗಿ ಕಂಡಿತ್ತು. ಇನ್‌ಸ್ಪೆಕ್ಟರು ಹೊರಗಿನಿಂದಲೇ ಚೀಲ ಎಣಿಸಿದ, ಉರ್ದುವಿನಲ್ಲಿ ಪಂಚನಾಮೆ ಬರೆದ, ಕೆಳಗೆ ನನ್ನ ಸಹಿ, ಸಾಕ್ಷಿಗೆ ಕಂಬಳಿ ಕಾಕಾನ ಹೆಬ್ಬೆಟ್ಟು. ಕಾಕಾ ಹೆಬ್ಬೆಟ್ಟಿನ ಶಾಯಿಯನ್ನು ಕಂಬಳಿಗೆ ಒರೆಸಿಕೊಳ್ಳುತ್ತ, ಮಗನ ಮದುವೆಯಲ್ಲಿ ಕೂತವನಂತೆ ನಗುತ್ತಿದ್ದ.

ತೆರಿಗೆಯವರ ಲೆಕ್ಕ ಸರಳವಾಗಿತ್ತು. ಸುಗ್ಗಿಗೆ ಮೊದಲೇ ಇಷ್ಟು ತೊಗರಿ ಇಟ್ಟುಕೊಂಡವನು ರೈತರ ಮಾಲು ಮಾರಿಕೊಡುವ ದಲಾಲಿಯಾಗಿರಲಾರ, ತಾನೇ ಕೊಂಡು ತಾನೇ ಮಾರುವ ದೊಡ್ಡ ವ್ಯಾಪಾರಿ; ಸುಗ್ಗಿಯಲ್ಲದ ಕಾಲಕ್ಕೆ ಇಷ್ಟಾದರೆ ಇಡೀ ವರ್ಷಕ್ಕೆ ಎಷ್ಟಾದೀತು ಎಂದು ಅಂದಾಜು ಹಾಕಿ ಗುಣಿಸಿದರು. ನೋಟೀಸು ಬಂದಾಗ ಓದಿ, ಇದು ಬೇರೆ ಯಾರದೋ ಇರಬೇಕು, ಪಾಪ, ಅಂದುಕೊಂಡೆ. ಅಷ್ಟು ಶ್ರೀಮಂತ ನಮ್ಮ ಓಣಿಯಲ್ಲಿ ಯಾರು ಎಂದು ಹೆಸರು ಎರಡು ಸಲ ನೋಡಿದೆ. ಅಂಗಡಿ, ಗಾದಿ, ತಕ್ಕಡಿ, ನಾನು, ಎಲ್ಲವನ್ನೂ ಸವಾಲಿಗೆ ಹಾಕಿದರೂ ಆ ತೆರಿಗೆ ತೀರುವಂತಿರಲಿಲ್ಲ.

ಉಮರ್ಗಾದಲ್ಲಿ ನಮ್ಮ ಅಪ್ಪನ ಕಾಲದಿಂದ ಪರಿಚಯದ ವಕೀಲರೊಬ್ಬರಿದ್ದರು. ತಂಬಾಕು ಹಾಕಿಕೊಂಡು ಮಾತಾಡುವ, ಮಾತಾಡಿ ಮುಗಿದ ಮೇಲೂ ದವಡೆ ಆಡಿಸುವ ಮನುಷ್ಯ. ಎಲ್ಲವನ್ನೂ ಕೇಳಿ ಅವರು ಅಂದರು: “ನೋಡು ಸಾವಕಾರ, ನಿನ್ನ ಮುಂದ ಎರಡ ದಾರಿ ಅವ. ಥಪ್ಪ್ಯಾಗ ತೊಗರಿ ಇತ್ತು ಅಂದಿ, ಟ್ಯಾಕ್ಸಿನ್ಯಾಗ ಅಂಗಡಿ ಹೋಗ್ತದ. ಹೊಟ್ಟು ಇತ್ತು ಅಂದಿ, ಪತ್ತು ಹೋಗಿ ಅಂಗಡಿ ಹೋಗ್ತದ. ಯಾವ ದಾರೀಲಿಂದ ಕಳಸಾಮು ಹೇಳು.”

“ಮೂರನೇ ದಾರಿ ಇಲ್ಲೇನ್ರೀ?”

“ಮೂರನೇದ್ದು ಗೊತ್ತಿದ್ರ ನಾ ವಕೀಲಕಿ ಯಾಕ ಮಾಡ್ತಿದ್ದೆ? ಮಠಾ ಕಟ್ಟಿ ಕೂಡ್ತಿದ್ದೆ.”

ನಾನು ಹೇಡಿಗಳೆಲ್ಲ ಆರಿಸಿಕೊಳ್ಳುವ ದಾರಿಯನ್ನು ಆರಿಸಿಕೊಂಡೆ: ಥಪ್ಪಿಯ ಮಾತೇ ಎತ್ತದೆ, ನಾವು ಅಡತಿಯವರು, ಮಾಲು ರೈತರದು ಎಂದಷ್ಟೇ ಬರೆದುಕೊಡುವುದು. ಬೀದರದಲ್ಲಿದ್ದ ತೆರಿಗೆಯ ಮೇಲಧಿಕಾರಿ ಅದನ್ನು ಓದಿ, ರೈತರ ಮಾಲಾದರೆ ಯಾವ ರೈತರದೆಂದು ಹೆಸರು ಹೇಳಲಿ ಎಂದು ತಳ್ಳಿಹಾಕಿದ. ಹೊಟ್ಟಿಗೆ ಯಾವ ರೈತನ ಹೆಸರು ಹೇಳಲಿ? ಕೋರ್ಟಿಗೆ ಹೋದೆವು. ತೀರ್ಪಾಗುವ ತನಕ ವಸೂಲಿ ನಿಲ್ಲಲಿ ಎಂಬ ಆಜ್ಞೆ ಮಾತ್ರ ಸಿಕ್ಕಿತು. ಅಷ್ಟರಲ್ಲಿ ರಾಜ್ಯಗಳನ್ನು ಹೊಸದಾಗಿ ಗೆರೆ ಎಳೆದು ಹಂಚಿದರು. ಬೀದರ ಮೈಸೂರಿಗೆ ಹೋಯಿತು. ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕೆ ಬಂದವು. ನಮ್ಮ ಜಿಲ್ಲೆ ಈಗ ಧಾರಾಶಿವ ಎಂದರು. ನನ್ನ ಕಾಗದಗಳು ಬೀದರದಲ್ಲಿ, ನಾನು ಇನ್ನೊಂದು ರಾಜ್ಯದಲ್ಲಿ. ಕಾಗದ ಕಳೆದುಹೋಗಲಿ ಎಂದು ಮನೆದೇವರಿಗೆ ಬೇಡಿಕೊಂಡೆ. ಕಳೆದುಹೋದರೆ ನನ್ನನ್ನೇ ಹಿಡಿಯುತ್ತಾರೇನೋ ಎಂದು ಹೆದರಿ ಆಮೇಲೆ ಹರಕೆಯನ್ನು ವಾಪಸು ತೆಗೆದುಕೊಂಡೆ. ಹಾಗಾಗಿ ಕಾಗದಗಳು ಬಂದವು, ತಡವಾಗಿ, ಕಟ್ಟಿನ ಮೇಲೆ ಹೊಸ ದಾರ ಸುತ್ತಿಕೊಂಡು.

ಧಾರಾಶಿವದ ಹೊಸ ಕೋರ್ಟಿನಲ್ಲಿ ಪುಣೆ ಕಡೆಯ ನ್ಯಾಯಾಧೀಶರು. ಪಂಚನಾಮೆಯನ್ನು ಮರಾಠಿಗೆ ತಿರುಗಿಸಿ ಓದಿಸಿದರು. ಇಷ್ಟು ಚೀಲ ತೊಗರಿ ಎಂದು ಬರೆದಿದೆ, ನಿಮ್ಮ ಸಹಿ ಇದೆ, ಏನು ಹೇಳುತ್ತೀರಿ ಎಂದು ಕೇಳಿದರು. ವಕೀಲರು ಹೊರಗೆ ನಿಂತಾಗಲೇ ಹೇಳಿದ್ದರು: “ಈಗ ಹೊಟ್ಟು ಅನಲಿಲ್ಲಾಂದ್ರ ಮನಿಗೆ ಹೋಗಿ ಬೀಗದ ಕೈ ತಂದು ಕೊಡು. ಪತ್ತು ಹೋದ್ರ ಒಂದಿಲ್ಲ ಒಂದಿನ ತಿರುಗಿ ಬಂದೀತು.” ಅದಕ್ಕೂ ಮೊದಲು ನಾನು ಪಕ್ಕದ ಅಂಗಡಿಗೆ ಹೋಗಿ ಅಲ್ಲಿಯ ಶೇಠಜಿಯನ್ನು ಸಾಕ್ಷಿಗೆ ಕರೆದಿದ್ದೆ. ಅವರ ಅಜ್ಜನ ಕಾಲದಿಂದ ಅವರದೂ ಹೊಟ್ಟೇ. ಅವರು ತಮ್ಮ ಥಪ್ಪಿಗೆ ಬೆನ್ನು ಆನಿಸಿ ನಿಂತು, “ಅಹೋ, ತುಮಚಾ ಭೂಸಾ ತುಮಚಾ, ಆಮಚೀ ತೂರ ಆಮಚೀ” ಅಂದರು. ನಿಮ್ಮ ಹೊಟ್ಟು ನಿಮಗೆ, ನಮ್ಮ ತೊಗರಿ ನಮಗೆ. ಅನ್ನುವಾಗ ಅವರ ಬೆನ್ನಿನ ಭಾರಕ್ಕೆ ಚೀಲ ದಿಂಬಿನ ಹಾಗೆ ಒಳಕ್ಕೆ ಹೋಯಿತು. ಇಬ್ಬರೂ ಅದನ್ನು ನೋಡಿದೆವು, ಇಬ್ಬರೂ ನೋಡಲಿಲ್ಲ.

ಕಟಕಟೆಯಲ್ಲಿ ನಾನು ಮೆಲ್ಲಗೆ ಅಂದೆ: “ಭೂಸಾ, ಸಾಹೇಬ.”

“ಜೋರಾತ ಬೋಲಾ.”

“ಭೂಸಾ!”

ಗಂಟಲು ಹೆದರಿದಾಗ ಎಷ್ಟು ಜೋರಾಗುತ್ತದೆಂದು ಅವತ್ತೇ ಗೊತ್ತಾದದ್ದು. ಹೊರಗಿನ ಬೇವಿನ ಮರದ ಕೆಳಗೆ ಕೂತಿದ್ದ ಪಕ್ಷಗಾರರೂ ತಿರುಗಿ ನೋಡಿದರು. ನ್ಯಾಯಾಧೀಶರಿಗೆ ಮಾತ್ರ ನಂಬಿಕೆ ಬರಲಿಲ್ಲ. ಬುದ್ಧಿಯಿರುವ ವ್ಯಾಪಾರಿ ವರ್ಷವಿಡೀ ಹೊಟ್ಟಿಗೆ ಬೀಗ ಹಾಕಿ ಕಾಯುತ್ತಾನೆಯೇ ಎಂದರು. ನಮ್ಮ ವಕೀಲರು ಇದು ಅಲ್ಲಿಯ ಪದ್ಧತಿ, ಪ್ರತಿ ಪಾಡ್ಯಕ್ಕೂ ಹೀಗೇ ಕಟ್ಟುತ್ತಾರೆ, ಈಗಲೂ ಬಂದು ನೋಡಬಹುದು ಎಂದು ಪಟ್ಟುಹಿಡಿದರು. ಕೊನೆಗೆ ಕೋರ್ಟು ಒಬ್ಬ ವಕೀಲರನ್ನು ಕಮಿಷನರೆಂದು ನೇಮಿಸಿತು. ಪಂಚನಾಮೆ ಆದದ್ದೂ ಪಾಡ್ಯದ ಬೆನ್ನಿಗೇ ಆದ್ದರಿಂದ, ಮುಂದಿನ ಪಾಡ್ಯ ಕಳೆದ ಮೇಲೆ ಅವರು ಉದಗೀರಕ್ಕೆ ಹೋಗಿ ಥಪ್ಪಿ ಬಿಚ್ಚಿಸಿ ನೋಡುವುದು. ಹೊಟ್ಟಿದ್ದರೆ ನನ್ನ ಮಾತು ನಿಜ.

ಅಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಗೆಲ್ಲುವ ದಾರಿ ಕಂಡಿತು. ಮಾಡಬೇಕಾದದ್ದೆಂದರೆ ಏನೂ ಮಾಡದೆ ಸುಮ್ಮನಿರುವುದು. ಅದೊಂದೇ ವಿದ್ಯೆ ನನಗೆ ಬರುತ್ತದೆ ಅಂದುಕೊಂಡೆ.

ಆದರೆ ನನ್ನ ಕೂಗು ನನ್ನ ಬಸ್ಸಿಗಿಂತ ಮೊದಲು ಉದಗೀರ ಮುಟ್ಟಿತ್ತು. ಮರುದಿನ ಶೇಠಜಿ ಬಂದು ಗಾದಿಯ ತುದಿಯಲ್ಲಿ ಕೂತರು. ಸಿಟ್ಟು ಬಂದಾಗ ಅವರು ಕನ್ನಡವನ್ನೇ ಆಡುತ್ತಿದ್ದರು. “ಒಬ್ಬಾವ ಧೋತರ ಬಿಚ್ಚಿಕೊಂಡ್ರ ನಗತಾರ ಸಾವಕಾರ. ನೀವು ಇಡೀ ಪೇಟಿದು ಬಿಚ್ಚೀರಿ. ಈಗ ಮಂದಿ ನಮ್ಮ ಅಂಗಡ್ಯಾಗೂ ಬಂದು ಚೀಲಾ ಚಿವುಟಿ ನೋಡ್ಲಾಕತ್ತಾರ.”

ಮೂರನೆಯ ದಿನ ಅವ್ವ ರೊಟ್ಟಿ ಬಡಿಯುತ್ತ ಅಂದಳು: “ಕೋರ್ಟಿನ್ಯಾಗ ನಿಂತು ಲಕ್ಷ್ಮೀನ ಬೈದು ಬಂದಿಯಲ್ಲೋ ತಮ್ಮಾ.”

“ಬೈದಿಲ್ಲವ್ವ. ಇದ್ದದ್ದು ಹೇಳೀನಿ.”

“ಇದ್ದದ್ದು ಹೇಳಬೇಕಂತ ಯಾವ ಸಾವಕಾರ ಹುಟ್ಟ್ಯಾನ?”

ಆ ವಾರ ಕಂಬಳಿ ಕಾಕಾನೂ ಬಂದ. ಕಟ್ಟೆಯ ಮೇಲೆ ಕೂತ. ಹಿಂಗೋಡೆ ನೋಡಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು. ನೆಲ ನೋಡುತ್ತ ಅಂದ: “ಬಾವಿ ಈ ವರ್ಷ ತೋಡ್ಸೇ ಬಿಡಬೇಕಂತ ಮಾಡೀನ್ರಿ. ಪಾಡ್ಯಾ ಆದ ಮ್ಯಾಲ ಬರ್ತೀನಿ.” ಇಟ್ಟದ್ದನ್ನು ಒಯ್ಯುತ್ತೇನೆ ಎಂಬುದನ್ನು ಇದಕ್ಕಿಂತ ಮರ್ಯಾದೆಯಿಂದ ಯಾರೂ ಹೇಳಲಾರರು.

ಪಾಡ್ಯ ಬಂತು. ಥಪ್ಪಿ ಕಟ್ಟಿದೆವು. ನಾನೇ ನಿಂತು, ಪ್ರತಿ ಚೀಲದಲ್ಲೂ ಕೈಯಾಡಿಸಿ, ಹೊಟ್ಟಲ್ಲದೆ ಬೇರೆ ಒಂದು ಕಾಳೂ ಇಲ್ಲವೆಂದು ನೋಡಿಕೊಂಡೆ. ಕಮಿಷನರು ಧಾರಾಶಿವದಿಂದ ಉಮರ್ಗಾಕ್ಕೆ ಬಂದು, ಅಲ್ಲಿಂದ ನಮ್ಮ ವಕೀಲರ ಜೊತೆಗೂಡಿ ಉದಗೀರಕ್ಕೆ ಬರುವುದೆಂದು ಗೊತ್ತಾಗಿತ್ತು. ಕರೆದು ತರಲು ನಾನು ಮುಂಚಿನ ದಿನವೇ ಉಮರ್ಗಾಕ್ಕೆ ಹೋದೆ. ಅವರ ಬಸ್ಸು ಯೆಣೆಗೂರಿನ ಹತ್ತಿರ ಕೆಟ್ಟು ನಿಂತಿತು. ವಕೀಲರ ಪಡಸಾಲೆಯಲ್ಲಿ ಕೂತು ಒಂದಿಡೀ ದಿನ ಹೆಚ್ಚಿಗೆ ಕಾದೆ. ಕಮಿಷನರು ಬರುವುದಿಲ್ಲ ಎಂದು ಚಿಂತೆ ಮಾಡಿದೆ, ಬಂದರೆ ಕಾಯಿಲೆ ಬೀಳುತ್ತಾರೆ ಎಂದು ಚಿಂತೆ ಮಾಡಿದೆ, ಅಂಗಡಿಗೆ ಬೆಂಕಿ ಬಿದ್ದು ಹೊಟ್ಟು ಸುಟ್ಟುಹೋದರೆ ಎಂದೂ ಚಿಂತೆ ಮಾಡಿದೆ. ಮಾಡಬೇಕಾಗಿದ್ದ ಚಿಂತೆ ಮಾತ್ರ ನನಗೆ ಹೊಳೆಯಲಿಲ್ಲ.

ಮರುದಿನ ಮೂವರೂ ನಿಲಂಗಾದ ಮೇಲಿಂದ ಉದಗೀರಕ್ಕೆ ಬಂದಾಗ ಮಧ್ಯಾಹ್ನ. ಅಂಗಡಿಯ ಮುಂದೆ ಸಗಣಿ ಸಾರಿಸಿ ರಂಗೋಲಿ ಹಾಕಿತ್ತು. ಸಾಲಿನ ವ್ಯಾಪಾರಿಗಳೆಲ್ಲ ರುಮಾಲು ಸುತ್ತಿ ಹೊರಗೆ ನಿಂತಿದ್ದರು. ಶೇಠಜಿ ನನ್ನನ್ನು ನೋಡಿ ನಕ್ಕರು. ಕೋರ್ಟಿನ ಮಾತಾದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಕಂಬಳಿ ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಅವ್ವ ಒಳಬಾಗಿಲಲ್ಲಿ ಇಳಕಲ್ಲ ಸೀರೆ ಉಟ್ಟು ನಿಂತಿದ್ದಳು. ಇಷ್ಟು ಜನ ನನ್ನ ಮರ್ಯಾದೆ ಹೋಗುವುದನ್ನು ನೋಡಲು ಬಂದಿದ್ದಾರಲ್ಲ ಅಂದುಕೊಂಡೆ.

ಕಮಿಷನರು ನಡುಸಾಲಿನ ಒಂದು ಚೀಲ ತೋರಿಸಿದರು. ನಮ್ಮ ಹಮಾಲ ಮುಂದೆ ಬಂದ. ಅದನ್ನು ಎತ್ತಲು ಅವನು ಮೊಣಕಾಲು ಬಗ್ಗಿಸಿದ.

ಹೊಟ್ಟಿನ ಚೀಲಕ್ಕೆ ಯಾರೂ ಮೊಣಕಾಲು ಬಗ್ಗಿಸುವುದಿಲ್ಲ. ಒಂದೇ ಕೈಯಲ್ಲಿ ಎಳೆದು ಒಗೆಯುತ್ತಾರೆ. ನನಗೆ ಆಗಲೇ ತಿಳಿಯಿತು. ಉಳಿದದ್ದನ್ನು ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದೆ. ಚೀಲ ದೊಪ್ಪೆಂದು ನೆಲಕ್ಕೆ ಬಿತ್ತು. ಹೊಲಿಗೆ ಬಿಚ್ಚಿದರು. ಕೆಂಪು ತೊಗರಿ ಸರಸರ ಹರಿದು ಕಮಿಷನರ ಬೂಟಿನ ಸುತ್ತ ನಿಂತಿತು. ಇನ್ನೊಂದು ಚೀಲ, ಅದರಲ್ಲೂ ತೊಗರಿ. ಕೆಳಸಾಲಿನದು, ಅದರಲ್ಲೂ. ನಮ್ಮ ಅಜ್ಜನ ಕಾಲದಿಂದ ಆ ಗೋಡೆ ಕಾಣದಷ್ಟು ತೊಗರಿ.

“ನಾ ಅಂದಿಲ್ಲೇನ್ರೀ!” ಕಂಬಳಿ ಕಾಕಾ ಎದ್ದು ನಿಂತು ಎಲ್ಲರ ಕಡೆ ತಿರುಗಿ ಕೈ ಬೀಸಿದ. “ಯಾವ ಭಾಡ್ಯಾ ಹೊಟ್ಟು ಅಂದಾವ?”

ಅಂದವನು ನಾನೇ ಎಂಬುದನ್ನು ಅವನು ಆ ಸಂಭ್ರಮದಲ್ಲಿ ಮರೆತಿದ್ದ.

ನಾನು ಒಳಗೆ ಹೋಗಿ ಅವ್ವನ ಮುಂದೆ ನಿಂತೆ. ಅವಳ ಮುಖ ಮದುವೆಮನೆಯಾಗಿತ್ತು. “ನೀ ಹೋದ ದಿನಾನೇ ಶೇಠಜಿ ಬಂದಿದ್ರು. ಸರ್ಕಾರಿ ಮನಷಾನ ಮುಂದ ನಮ್ಮ ಹುಡುಗನ ಅಂಗಡಿ ಖಾಲಿ ಕಾಣಬಾರದು ಅಂದ್ರು. ಅವರವರ ಮನ್ಯಾಗ ಬಿತ್ತಲಾಕ, ತಿನಲಾಕ ಇಟ್ಟಿದ್ದೆಲ್ಲ ತಂದಾರ ತಮ್ಮಾ. ಸಾಲಂಗಿಲ್ಲಂತ ಲಾರಿ ಕಳಿಸಿ ಮುರುಮ ಊರಾಗಿನ ಬೀಗರ ಕಡಿಂದಾನೂ ತರಸ್ಯಾರ. ಹಿಂಥಾ ಮಂದಿ ಸಿಗಬೇಕಂದ್ರ ಪುಣ್ಯಾ ಬೇಕು.”

ಅದರಲ್ಲಿ ನನ್ನ ಮರ್ಯಾದೆ ಎಷ್ಟು, ಅವರ ಅವರ ಥಪ್ಪಿಯ ಮರ್ಯಾದೆ ಎಷ್ಟು ಎಂದು ಬೇರ್ಪಡಿಸಿ ತೂಗುವ ತಕ್ಕಡಿ ನನ್ನಲ್ಲಿಲ್ಲ. ಎರಡೂ ಇದ್ದವು. ಬಿತ್ತುವ ಬೀಜವನ್ನು ತಂದು ಸುರಿದವರನ್ನು ನಾನು ಏನೆಂದು ಬೈಯಲಿ?

ಹೊರಗೆ ಬಂದು ಕಮಿಷನರ ಮುಂದೆ ಕೈಮುಗಿದೆ. “ಸಾಹೇಬ, ಈ ತೊಗರಿ ನನ್ನದಲ್ಲ. ಇವರೆಲ್ಲರದು. ಇವರನ್ನೇ ಕೇಳಿ.” ಕಮಿಷನರು ಶೇಠಜಿಯ ಕಡೆ ನೋಡಿದರು. ಇಡೀ ಸಾಲು ಶೇಠಜಿಯ ಕಡೆ ನೋಡಿತು. ಶೇಠಜಿ ನನ್ನ ಹೆಗಲ ಮೇಲೆ ಕೈಯಿಟ್ಟು, ತುಂಬ ಪ್ರೀತಿಯಿಂದ, “ಕಾಯ ಬೋಲತಾ ಸಾವಕಾರ! ತುಮಚೀಚ ಆಹೇ” ಅಂದರು. ಏನು ಮಾತಾಡ್ತೀರಿ, ನಿಮ್ಮದೇ ಅದು.

ವಕೀಲರು ತಂಬಾಕು ಉಗುಳಲು ಹೊರಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ಹೋಗುವಾಗ ನನ್ನ ಕಿವಿಯಲ್ಲಿ ಅಂದರು: “ನಿನಗ ವೈರಿಗಳು ಇದ್ದಿದ್ರ ಗೆದ್ದಿರತಿದ್ದಿ ನೋಡು.”

ಕೋರ್ಟು ನಮ್ಮ ದಾವೆಯನ್ನು ವಜಾ ಮಾಡಿತು. ಪ್ರಮಾಣ ಮಾಡಿ ಸುಳ್ಳು ಹೇಳಿದವನೆಂಬ ಒಂದು ಸಾಲನ್ನೂ ಸೇರಿಸಿತು. ನಾನು ಹುಟ್ಟಿದಾಗಿನಿಂದ ಜೋರಾಗಿ ಹೇಳಿದ ಒಂದೇ ನಿಜಕ್ಕೆ ಸಿಕ್ಕ ಬಿರುದು ಅದು. ಅಂಗಡಿ ಉಳಿಯುವುದಿಲ್ಲವೆಂದು ನನಗೆ ಅವತ್ತೇ ಗೊತ್ತಾಯಿತು. ಉಳಿಯಲೂ ಇಲ್ಲ, ಮಹಾರಾಷ್ಟ್ರ ಆಗುವ ಹೊತ್ತಿಗೆ ಆ ಗಾದಿಯ ಮೇಲೆ ಬೇರೆಯವರು ಕೂತಿದ್ದರು.

ಆದರೆ ಕಮಿಷನರು ಹೋದ ಮರುದಿನದ ಮಾತೊಂದು ಇದೆ.

ಬೆಳಿಗ್ಗೆಯೇ ಕಂಬಳಿ ಕಾಕಾನನ್ನು ಕರೆದು ಅವನ ರೊಕ್ಕದ ಗಂಟು ಮುಂದಿಟ್ಟೆ. ತೀರ್ಪು ಬರುವ ಮೊದಲು ಅವನದಾದರೂ ಅವನ ಕೈ ಸೇರಲಿ ಎಂದು. ಅವನು ಗಂಟನ್ನು ಮುಟ್ಟಲೂ ಇಲ್ಲ. “ಬ್ಯಾಡ್ರಿ ಸಾವಕಾರ್ರ. ಮಂದಿ ಮಾತು ಕೇಳಿ ಕೆಟ್ಟೆ. ಬಾವಿ ಮುಂದಿನ ವರ್ಷ ಆದ್ರಾಯ್ತು. ಇಲ್ಲೇ ಇರ್ಲಿ.”

“ಒಯ್ಯಿ ಕಾಕಾ. ಕೈ ಮುಗೀತೀನಿ.”

“ಸಿಟ್ಟಿಗಿ ಬಂದೀರಿ ನೀವು. ತಪ್ಪಾತು ಅಂದೆನಲ್ಲ?” ಅಂದವನೇ ಕಂಬಳಿ ಕೊಡವಿ ಮತ್ತೆ ಕಟ್ಟೆಯ ಮೇಲೆ ಕೂತ. ಅವನನ್ನು ಕಳಿಸಲು ನನಗೆ ಆಗಲಿಲ್ಲ. ಅಂಗಡಿ ಮಾರಿದಾಗ ಮೊದಲು ಮುಟ್ಟಿಸಿದ್ದು ಅವನ ಗಂಟನ್ನೇ. ಆಗಲೂ ಅವನಿಗೆ ಅದೊಂದು ಅವಮಾನವೆಂದೇ ಅನಿಸಿತು.

ಅಷ್ಟರಲ್ಲಿ ಸಾಲಿನವರ ಬಂಡಿಗಳು ಬಂದವು. ಬಿತ್ತುವ ಬೀಜ, ತಿನ್ನುವ ಕಾಳು. ಅವರವರದು ಅವರಿಗೆ ಹೋಗಲೇಬೇಕಲ್ಲ. ಹಗಲು ಹೊತ್ತಿನಲ್ಲಿ, ಪೇಟೆಯ ನಡುವೆ, ಹಮಾಲರು ಮೊಣಕಾಲು ಬಗ್ಗಿಸಿ ಬಗ್ಗಿಸಿ ಚೀಲ ಹೊತ್ತು ನಮ್ಮ ಬಾಗಿಲಿಂದ ಹೊರಗೆ ಹಾಕುತ್ತಿದ್ದರು. ಒಂದು ಬಂಡಿ ತುಂಬಿ ಹೋಗುವುದರೊಳಗೆ ಇನ್ನೊಂದು ಬಂದು ನಿಲ್ಲುತ್ತಿತ್ತು. ನಮ್ಮ ಅಂಗಡಿಯ ಇತಿಹಾಸದಲ್ಲಿ ಅಷ್ಟು ಮಾಲು ಒಂದೇ ದಿನ ಹೊರಗೆ ಹೋದದ್ದಿಲ್ಲ. ಹಿಂದಿನ ಗೋಡೆ ಮೆಲ್ಲಗೆ ಕಾಣತೊಡಗಿತು. ಅವ್ವ ಒಳಗೆ, ಮೊನ್ನೆ ಖಾಲಿ ಮಾಡಿದ್ದ ನಮ್ಮ ಚೀಲಗಳಿಗೆ ಮತ್ತೆ ಹೊಟ್ಟು ತುಂಬಿಸುತ್ತಿದ್ದಳು.

ಎದುರಿನ ಹೋಟೆಲಿನ ಬೆಂಚಿನ ಮೇಲೆ ತೆರಿಗೆಯ ಇನ್‌ಸ್ಪೆಕ್ಟರು ಕೂತು ಚಹಾ ಕುಡಿಯುತ್ತಿದ್ದ. ಹಳಬನೇ, ಈಗ ಕೂದಲು ನರೆತಿತ್ತು. ಬಸಿಯಿಂದ ಸೊರ್ರೆಂದು ಎಳೆಯುತ್ತ ಬಂಡಿಗಳನ್ನು ನೋಡಿದ. ಬೆರಳು ಮಡಿಚುತ್ತ ಏನೋ ಎಣಿಸಿದ. ಆಮೇಲೆ ನನ್ನ ಕಡೆ ತಿರುಗಿ, ಹಳೆಯ ಪರಿಚಯದ ಸಲಿಗೆಯಿಂದ, ಬೀದಿಯ ಆಚೆಯಿಂದ ಈಚೆಗೆ ಕೇಳುವ ಹಾಗೆ ಅಂದ:

“ಈ ವರ್ಷನೂ ವ್ಯಾಪಾರ ಜೋರ್ ಅದ ಅಲ್ರೀ ಸಾವಕಾರ್ರ?”

ಕಟ್ಟೆಯ ಮೇಲೆ ಕಂಬಳಿ ಕಾಕಾ ಉತ್ತರ ಕೊಡಲು ಬಾಯಿ ತೆರೆಯುತ್ತಿದ್ದ. ಅವನಿಗಿಂತ ಮೊದಲು ನಾನೇ ಕೈ ಮುಗಿದೆ.

“ಮನಿದೇವ್ರ ದಯಾ ರೀ” ಅಂದೆ.